ಹಿರಿಯರಿಗೊಂದು ಹಗಲುಮನೆ

ಮಹಾನಗರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ವೃದ್ಧರು ಎರಡು ಬಗೆಯವರು. ಮೊದಲನೆಯವರು ಮೀಸೆ ಮೂಡುವ ಮುನ್ನವೇ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ, ಇಲ್ಲವೆ ಬ್ಯಾಂಕು, ರೈಲ್ವೆ, ಗಿರಣಿ ಕಚೇರಿಗಳಲ್ಲಿ ಗುಮಾಸ್ತರಾಗಿ ಸೇರಿ, ನಗರವನ್ನು ತಮ್ಮದಾಗಿಸಿಕೊಂಡವರು. ಮರಾಠಿ, ಹಿಂದಿಗಳು ಅವರಿಗೆ ನೀರು ಕುಡಿದಷ್ಟು ಸುಲಭ. ಯಾವ ಲೋಕಲ್ ಗಾಡಿ ಎಲ್ಲಿ ನಿಲ್ಲುತ್ತದೆಂಬುದು ಇಂದಿಗೂ ಬಾಯಿಪಾಠ. ಎರಡನೆಯವರು ಎಪ್ಪತ್ತರ ಅಂಚಿನಲ್ಲಿ, ಬಾಳಸಂಗಾತಿಯನ್ನು ಕಳೆದುಕೊಂಡ ಮೇಲೆ, ಊರಮನೆಗೆ ಬೀಗ ಹಾಕಿ ಮಗನೊಡನೆಯೋ ಮಗಳೊಡನೆಯೋ ಬಂದವರು. ಇವರ ಪಾಲಿಗೆ ಬಾಗಿಲು ತೆರೆದರೆ ಅಂಗಳವಿಲ್ಲ; ಎದುರುಮನೆಯ ಮುಚ್ಚಿದ ಬಾಗಿಲಿದೆ. ಹಾಲಿನವನೊಡನೆ ನಾಲ್ಕು ಮಾತಾಡೋಣವೆಂದರೆ ಭಾಷೆ ಬಾರದು. ಬೆಳಿಗ್ಗೆ ಒಂಬತ್ತಕ್ಕೆ ಬರಿದಾದ ಮನೆ ಮತ್ತೆ ತುಂಬುವುದು ಸಂಜೆ ಏಳಕ್ಕೆ.

ಈ ಎರಡು ಬಗೆಯವರಿಗೂ ನಮ್ಮ ಸಂಘಸಂಸ್ಥೆಗಳು ಇಂದು ಸಲ್ಲಿಸುತ್ತಿರುವುದು ಬಹುಮಟ್ಟಿಗೆ ಒಂದೇ: ವಾರ್ಷಿಕೋತ್ಸವದಂದು ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಸನ್ಮಾನ ತಪ್ಪಲ್ಲ. ಆದರೆ ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 2011ರ ಜನಗಣತಿಯಲ್ಲಿ ಭಾರತದಲ್ಲಿ ಅರವತ್ತು ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅಂದರೆ ನೂರರಲ್ಲಿ ಎಂಟು ಒಂಬತ್ತು ಮಂದಿ. ಅಂದಿನಿಂದ ಈ ಪಾಲು ಏರುತ್ತಲೇ ಇದೆ.

ಹಿರಿಯರು ಹಗಲು ಕಳೆಯಲು ಒಂದು ತಾಣ ಬೇಕೆಂಬುದು ಹೊಸ ಆಲೋಚನೆಯೇನಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1943ರಲ್ಲಿ ಹಾಡ್ಸನ್ ಕೇಂದ್ರವೆಂಬುದು ತೆರೆಯಿತು. ಅಮೆರಿಕದಲ್ಲಿ ಈ ಬಗೆಯ ಕೇಂದ್ರಗಳಿಗೆ ಅದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಕೇರಳದಲ್ಲಿ ಇಂತಹ ತಾಣಕ್ಕೆ ‘ಪಗಲ್ ವೀಡು’, ಅಂದರೆ ಹಗಲುಮನೆ, ಎಂಬ ಸುಂದರವಾದ ಹೆಸರಿದೆ. ಅಲ್ಲಿನ ಪಂಚಾಯಿತಿಗಳೇ ಇವನ್ನು ನಡೆಸುತ್ತವೆ. ಮಹಾರಾಷ್ಟ್ರದಲ್ಲಿ ‘ವಿರಂಗುಳಾ ಕೇಂದ್ರ’ ಎಂಬ ಫಲಕವನ್ನು ಪುಣೆ, ಠಾಣೆ, ನವಿಮುಂಬಯಿಗಳ ನಿವಾಸಿಗಳು ಕಂಡಿರಲೇಬೇಕು. ಮುಂಬಯಿಯಲ್ಲಿ 1995ರಲ್ಲಿ ಆರಂಭವಾದ ಡಿಗ್ನಿಟಿ ಫೌಂಡೇಶನ್ ಹಿರಿಯರನ್ನು ಚಹಾದ ನೆವದಲ್ಲಿ ಒಂದೆಡೆ ಸೇರಿಸುತ್ತದೆ. ಇವೆಲ್ಲ ಇರುವಾಗ ಕನ್ನಡ ಸಂಘವೊಂದು ಬೇರೆ ಹಗಲುಮನೆಯನ್ನು ಏಕೆ ತೆರೆಯಬೇಕು? ಅಭಿಮಾನಕ್ಕಾಗಿ ಎಂಬ ಉತ್ತರ ಸಾಲದು. ಇದಕ್ಕೆ ಆರೋಗ್ಯದ ಕಾರಣವೇ ಇದೆ, ಮತ್ತು ಆ ಕಾರಣ ಕಿವಿಯಲ್ಲಿದೆ.

ವಯಸ್ಸಾದಂತೆ ಕಿವಿ ಎಲ್ಲ ಧ್ವನಿಗಳನ್ನೂ ಒಂದೇ ಸಮನೆ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುವು ಉಚ್ಚ ಕಂಪನದ ಧ್ವನಿಗಳು. ಸ್ವರಗಳು ತಗ್ಗಿನ ಧ್ವನಿಗಳಾದ್ದರಿಂದ ಉಳಿಯುತ್ತವೆ. ಸಕಾರ, ಶಕಾರ, ತಕಾರಾದಿ ವ್ಯಂಜನಗಳು ಮಸುಕಾಗುತ್ತವೆ. ಸಾಲು, ಹಾಲು, ಕಾಲು, ಪಾಲು ಈ ನಾಲ್ಕು ಶಬ್ದಗಳಲ್ಲಿ ಮೊದಲ ವ್ಯಂಜನವನ್ನು ತೆಗೆದರೆ ಉಳಿಯುವುದೆಲ್ಲ ಒಂದೇ. ಆದುದರಿಂದಲೇ ಅಜ್ಜನಿಗೆ ‘ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ’. ಮಾತೃಭಾಷೆಯಲ್ಲಾದರೆ ಬಿಟ್ಟುಹೋದ ಅಕ್ಷರವನ್ನು ಮನಸ್ಸು ಸಂದರ್ಭದಿಂದ ತುಂಬಿಕೊಳ್ಳುತ್ತದೆ. ಎಪ್ಪತ್ತರಲ್ಲಿ ಮೊದಲ ಸಲ ಕಿವಿಗೆ ಬಿದ್ದ ಹಿಂದಿಯಲ್ಲಿ ಹಾಗೆ ತುಂಬಿಕೊಳ್ಳಲು ಬಂಡವಾಳವೇ ಇಲ್ಲ. ಆತ ತಪ್ಪು ಉತ್ತರ ಕೊಡುತ್ತಾನೆ, ಮೊಮ್ಮಕ್ಕಳು ನಗುತ್ತಾರೆ, ಮುಂದಿನ ಸಲ ಸುಮ್ಮನಾಗುತ್ತಾನೆ. ಸುಮ್ಮನಾದವನನ್ನು ಕಂಡು ಮನೆಯವರು ‘ಅಪ್ಪನಿಗೆ ಮರೆವು ಆರಂಭವಾಗಿದೆ’ ಎನ್ನುತ್ತಾರೆ.

ಇಲ್ಲಿ ನಿಜವಾದ ಅಪಾಯವೂ ಅಡಗಿದೆ. ಮರೆವಿನ ರೋಗವಾದ ಡಿಮೆನ್ಷಿಯಾವನ್ನು ಕುರಿತು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞಸಮಿತಿ 2024ರಲ್ಲಿ ಪ್ರಕಟಿಸಿದ ವರದಿಯು, ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಗುರುತಿಸಿದೆ. ಕಿವುಡುತನ, ಒಂಟಿತನ, ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ನಿಶ್ಚಲ ಜೀವನ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಮಹಾನಗರದ ಮಹಡಿಮನೆಯೊಳಗೆ ಭಾಷೆ ಬಾರದೆ ಕುಳಿತ ವೃದ್ಧರಲ್ಲಿ ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಸೇರುವುದು ಅಪರೂಪವಲ್ಲ.

ಭಾಷೆಗೂ ಮರೆವಿಗೂ ಇರುವ ಸಂಬಂಧವನ್ನು ಕುರಿತ ಒಂದು ಪ್ರಸಿದ್ಧ ಅಧ್ಯಯನ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿಯೇ. ಅಲ್ಲಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಳಸುವವರಲ್ಲಿ ಈ ರೋಗ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ಅಂತರ ಕಂಡುಬಂದಿತು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದನ್ನು ಅನುಮೋದಿಸಿಲ್ಲವೆಂಬುದನ್ನೂ ಹೇಳಬೇಕು. ಆದರೂ ಹೊರನಾಡ ಕನ್ನಡಿಗನಿಗೆ ಇದರಲ್ಲಿ ಸಮಾಧಾನವಿದೆ: ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಜೀವಮಾನವೆಲ್ಲ ಹೆಣಗಿದ್ದು ವ್ಯರ್ಥವಾಗಿರಲಾರದು.

ಇನ್ನೊಂದು ಸಂಗತಿ ಸಾಧಾರಣವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಮರೆವಿನ ರೋಗ ಬಲಿತಂತೆ ಅನೇಕರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತದೆ. ಬಾಲ್ಯದ ಭಾಷೆ ಕೊನೆಯವರೆಗೆ ನಿಲ್ಲುತ್ತದೆ. ಐವತ್ತು ವರ್ಷ ಹಿಂದಿಯಲ್ಲಿ ವ್ಯಾಪಾರ ಮಾಡಿದವರೂ ಆಗ ಕನ್ನಡದಲ್ಲಿಯೇ ನೀರು ಕೇಳುತ್ತಾರೆ. ಅಂಥವರ ಜ್ಞಾಪಕಶಕ್ತಿಯನ್ನು ಆಸ್ಪತ್ರೆಯಲ್ಲಿ ಹಿಂದಿ, ಇಂಗ್ಲಿಷುಗಳಲ್ಲಿ ಪರೀಕ್ಷಿಸಿದರೆ ಬರುವ ಅಂಕ ಭಾಷೆಯ ಅಂಕವೇ ಹೊರತು ಜ್ಞಾಪಕದ ಅಂಕವಲ್ಲ. ಪರೀಕ್ಷೆಯ ದಿನ ಕನ್ನಡ ಬಲ್ಲವರೊಬ್ಬರು ಜೊತೆಗಿದ್ದು ಪ್ರಶ್ನೆಯನ್ನು ಇದ್ದಂತೆಯೇ ಕನ್ನಡದಲ್ಲಿ ಕೇಳುವುದು (ಉತ್ತರವನ್ನು ಸೂಚಿಸದೆ!) ಒಂದು ಸಂಘ ಸಲ್ಲಿಸಬಹುದಾದ ಅತ್ಯಂತ ಅಗ್ಗದ, ಅತ್ಯಂತ ಬೆಲೆಯುಳ್ಳ ಸೇವೆ. ಇದಕ್ಕೆ ಕಟ್ಟಡ ಬೇಡ, ನಿಧಿಸಂಗ್ರಹ ಬೇಡ. ಹತ್ತು ಮಂದಿ ಸ್ವಯಂಸೇವಕರ ಹೆಸರು, ದೂರವಾಣಿ ಸಂಖ್ಯೆ ಸಾಕು.

ಆದುದರಿಂದ ಹಗಲುಮನೆಯ ಮೊದಲ ಚಟುವಟಿಕೆ ಮಾತು. ಅದನ್ನು ಕಾರ್ಯಕ್ರಮವಾಗಿ ಏರ್ಪಡಿಸಬೇಕಾಗುತ್ತದೆ, ಏಕೆಂದರೆ ವೇದಿಕೆಯ ಮೇಲೊಬ್ಬರು ಭಾಷಣ ಮಾಡಿ ಕೆಳಗೆ ನಲವತ್ತು ಮಂದಿ ತೂಕಡಿಸುವುದು ಮಾತಲ್ಲ. ಎಂಟು ಹತ್ತು ಕುರ್ಚಿಗಳು ವೃತ್ತಾಕಾರವಾಗಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಬೇಕು. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿಯಿಂದಲೇ ಓದಿಕೊಳ್ಳುತ್ತಾರೆ. ಕೂಗಬೇಕಾಗಿಲ್ಲ, ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಿದರೆ ಸಾಕು. ಸದ್ದು ಮಾಡುವ ಪಂಖವನ್ನು ಸರಿಪಡಿಸಬೇಕು. ವರ್ಷಕ್ಕೊಮ್ಮೆ ಕಿವಿಯ ವೈದ್ಯರನ್ನು ಕರೆಸಿದರೆ, ಕೆಲವರ ಕಿವುಡುತನ ಗುಗ್ಗೆ ತೆಗೆಸಿದ ಮಾತ್ರಕ್ಕೆ ಕಡಮೆಯಾಗುವುದೂ ಉಂಟು.

ಕರಾವಳಿಯ ಹಿರಿಯರಿದ್ದಲ್ಲಿ ತಾಳಮದ್ದಳೆಯಂಥ ಸಾಧನ ಇನ್ನೊಂದಿಲ್ಲ. ಪದ್ಯವನ್ನು ನೆನಪಿಟ್ಟು, ಎದುರಾಳಿಯ ವಾದವನ್ನು ಕಿವಿಗೊಟ್ಟು ಕೇಳಿ, ಆ ಕ್ಷಣದಲ್ಲಿಯೇ ಉತ್ತರವನ್ನು ಹೊಸೆಯುವ ಈ ಕಲೆ ಮಿದುಳಿಗೆ ಕೊಡುವ ವ್ಯಾಯಾಮ ಪದಬಂಧ ಬಿಡಿಸುವುದರಲ್ಲಿ ಎಲ್ಲಿ ಬರಬೇಕು? ಹಳೆಯ ಮೈಸೂರಿನವರು ಗಮಕ ವಾಚನವನ್ನೂ, ಹೆಂಗಸರು ಸೋಬಾನೆ ಪದಗಳನ್ನೂ ಒಗಟುಗಳನ್ನೂ ತರುತ್ತಾರೆ. ಚೌಕಾಬಾರ, ಚನ್ನೆಮಣೆಗಳಿಗೆ ಖರ್ಚೇ ಇಲ್ಲ.

ಎರಡನೆಯದು ಕಾಲು. ಅರವತ್ತೈದು ದಾಟಿದವರಲ್ಲಿ ಸುಮಾರು ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಿದ್ದ ಮೇಲೆ ಸೊಂಟದ ಮೂಳೆಗೆ ಲಕ್ಷಾಂತರ ವ್ಯಯಿಸುವ ಕುಟುಂಬ, ಬೀಳುವ ಮುನ್ನ ಸ್ನಾನದ ಕೋಣೆಗೆ ಒಂದು ಹಿಡಿಗಂಬಿ ಹಾಕಿಸಿರುವುದಿಲ್ಲ. ಬೀಳುವ ಸಂಭವವನ್ನು ಅಳೆಯಲು ಯಂತ್ರವೇನೂ ಬೇಡ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಕುರ್ಚಿಯಿಂದ ಪೂರ್ಣ ಎದ್ದು ನಿಲ್ಲಬಲ್ಲರೆಂಬುದು ಇನ್ನೊಂದು ಪರೀಕ್ಷೆ: 70ರಿಂದ 74ರ ವಯಸ್ಸಿನಲ್ಲಿ ಗಂಡಸರು 12, ಹೆಂಗಸರು 10 ಸಲ ಏಳಲಾಗದಿದ್ದರೆ ತೊಡೆಯ ಬಲ ಕುಂದಿದೆಯೆಂದು ತಿಳಿಯಬೇಕು. ಪಕ್ಕದಲ್ಲಿ ಒಬ್ಬರು ನಿಂತಿದ್ದೇ ಇವನ್ನು ಮಾಡಿಸತಕ್ಕದ್ದು. ಕುಂದಿದ ಬಲ ಅಭ್ಯಾಸದಿಂದ ಬಹುಮಟ್ಟಿಗೆ ಮರಳುತ್ತದೆ. ವಾರಕ್ಕೆ ಮೂರು ದಿನವಾದರೂ ಸಮತೋಲದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಹತ್ತು ಸಲ ಏಳುವುದು, ಒಂದರ ಮುಂದೊಂದು ಪಾದವಿಟ್ಟು ನಡೆಯುವುದು ಇಷ್ಟರಿಂದಲೇ ಆರಂಭಿಸಬಹುದು. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕೆ 20ರಷ್ಟು ಇಳಿಯುವುದಾದರೆ ವೈದ್ಯರಿಗೆ ತಿಳಿಸಬೇಕು. ರಾತ್ರಿ ಮೂತ್ರಕ್ಕೆಂದು ದಡಬಡನೆ ಎದ್ದು ಬೀಳುವವರಲ್ಲಿ ಇಂಥವರು ಬಹಳ.

ಕಾಲಿನ ಮಾತು ಬಂದಾಗ ಕಟು ಪ್ರಶ್ನೆಯೊಂದನ್ನು ಕೇಳದೆ ವಿಧಿಯಿಲ್ಲ. ಮಹಾನಗರದ ಎಷ್ಟು ಸಂಘಗಳ ಸಭಾಗೃಹಗಳು ಲಿಫ್ಟ್ ಇಲ್ಲದ ಮೊದಲ, ಎರಡನೆಯ ಮಹಡಿಯಲ್ಲಿವೆ? ಎಷ್ಟರ ಶೌಚಾಲಯಗಳಲ್ಲಿ ಕುಳಿತುಕೊಳ್ಳುವ ಕಮೋಡ್ ಇದೆ? ಮಂಡಿನೋವಿನ ತಾಯಂದಿರು ಕಾರ್ಯಕ್ರಮಗಳಿಗೆ ಬಾರದಿರುವುದಕ್ಕೆ ಅಭಿರುಚಿಯ ಕೊರತೆಯೇ ಕಾರಣವೆಂದು ಭಾವಿಸಬೇಕಾಗಿಲ್ಲ.

ಔಷಧಿಯ ವಿಷಯದಲ್ಲಿ ‘ಚೀಲ ತರುವ ದಿನ’ ಎಂಬುದನ್ನು ಮೂರು ತಿಂಗಳಿಗೊಮ್ಮೆ ಇಟ್ಟುಕೊಳ್ಳಬಹುದು. ಮನೆಯಲ್ಲಿರುವ ಮಾತ್ರೆ, ಲೇಹ್ಯ, ಕಷಾಯ, ಊರಿನಿಂದ ತಂದ ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತಂದು ವೈದ್ಯರೆದುರು ಸುರಿಯುವುದು. ಊರಿನ ವೈದ್ಯರು ಒಂದು ಹೆಸರಿನಲ್ಲಿ, ನಗರದ ವೈದ್ಯರು ಇನ್ನೊಂದು ಹೆಸರಿನಲ್ಲಿ ಬರೆದುಕೊಟ್ಟ ಒಂದೇ ರಕ್ತದೊತ್ತಡದ ಮಾತ್ರೆಯನ್ನು ಎರಡು ಪಾಲು ನುಂಗುತ್ತಿರುವುದು ಹೀಗೆ ಬಯಲಾಗುತ್ತದೆ. ಕೈಕಾಲು ಜೋಮು, ನಿಶ್ಶಕ್ತಿಗಳಿರುವ ಸಸ್ಯಾಹಾರಿಗಳು ಬಿ 12 ಜೀವಸತ್ವದ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದೊಳ್ಳೆಯದು. ಉಪ್ಪಿನಕಾಯಿ, ಹಪ್ಪಳದ ಬಗೆಗೆ ಹೇಳಿದರೆ ಯಾರೂ ಕೇಳರು. ಆದರೂ ದಿನಕ್ಕೆ ಉಪ್ಪು ಒಟ್ಟು 5 ಗ್ರಾಂ ಒಳಗಿರಬೇಕು.

ಕಾಗದಪತ್ರಗಳ ಕೆಲಸವೂ ಆರೋಗ್ಯಸೇವೆಯೇ. ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಬೇಕು. ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದಾಗ ಮುಖಚಹರೆಯಿಂದಲೂ ಅದನ್ನು ಸಲ್ಲಿಸಬಹುದೆಂಬುದು ಹಲವರಿಗೆ ತಿಳಿಯದು. ಎಪ್ಪತ್ತು ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ ಯೋಜನೆಯು 2024ರ ಅಕ್ಟೋಬರಿನಿಂದ ವಿಸ್ತರಿಸಿದೆ. ವಯಸ್ಸಿಗೆ ಆಧಾರ್ ಚೀಟಿಯೇ ಆಧಾರವಾದ್ದರಿಂದ ಅದರ ಜನ್ಮದಿನಾಂಕವನ್ನು ಕಾಯಿಲೆ ಬರುವ ಮೊದಲೇ ಸರಿಪಡಿಸಿಕೊಂಡಿರಬೇಕು. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂಪಡೆಯಲು ಅವಕಾಶವಿದೆ. ಆ ಷರತ್ತು ಪತ್ರದಲ್ಲಿಯೇ ಇರುವುದು ಕ್ಷೇಮ. ಇದನ್ನು ಸಭೆಯಲ್ಲಿ ಕೇಳಲು ಯಾರೂ ಬಾಯಿಬಿಡರು. ಬಾಗಿಲು ಮುಚ್ಚಿದ ಕೋಣೆಯೊಂದರಲ್ಲಿ ವಕೀಲರೊಬ್ಬರು ತಿಂಗಳಿಗೊಂದು ದಿನ ಕುಳಿತರೆ ಸಾಕು. ಹಿರಿಯರಿಗಾಗಿಯೇ ಇರುವ 14567 ಎಂಬ ದೂರವಾಣಿ ಸಂಖ್ಯೆಯೂ, ಹಣ ದೋಚುವ ಸುಳ್ಳು ಕರೆಗಳನ್ನು ವರದಿಮಾಡುವ 1930 ಎಂಬುದೂ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರಲಿ.

ಹಗಲುಮನೆಗೆ ಹೊತ್ತು ಯಾವುದು ಎಂಬುದನ್ನು ಬಹುತೇಕ ಗಂಡಸರೇ ನಿರ್ಧರಿಸುವುದರಿಂದ ಅದು ಸಂಜೆ ಐದಾಗಿಬಿಡುತ್ತದೆ. ಸಂಜೆ ಐದೆಂದರೆ ಮೊಮ್ಮಕ್ಕಳು ಶಾಲೆಯಿಂದ ಮರಳುವ, ದೀಪ ಹಚ್ಚುವ, ಒಲೆ ಹೊತ್ತಿಸುವ ಹೊತ್ತು, ಅಜ್ಜಿ ಹೊರಡುವುದೆಂತು? ಬೆಳಗಿನ ಹನ್ನೊಂದರಿಂದ ಮಧ್ಯಾಹ್ನದ ಮೂರರವರೆಗೆ ತೆರೆದಿದ್ದು, ನಡುವೆ ಬಿಸಿಯಾದ ಅನ್ನ, ಸಾರು ಸಿಗುವುದಾದರೆ ಹೆಂಗಸರೂ ಬರುತ್ತಾರೆ. ಆ ಸಾರನ್ನು ಮಾಡುವ ಕೆಲಸವನ್ನೂ ಸರದಿಯ ಮೇಲೆ ಅವರಿಗೇ, ಗಂಡಸರನ್ನೂ ಸೇರಿಸಿ, ಒಪ್ಪಿಸಬೇಕು. ಕೆಲಸವಿಲ್ಲದ ಕಡೆ ಹಿರಿಯರು ಅತಿಥಿಗಳಾಗುತ್ತಾರೆ, ಅತಿಥಿ ಎಷ್ಟು ದಿನ ಬಂದಾನು? ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದು, ಲೆಕ್ಕಪತ್ರ ಬರೆಯುವುದು, ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕುವುದು ಇವೆಲ್ಲಕ್ಕೂ ಜನ ಅಲ್ಲಿಯೇ ಇದ್ದಾರೆ. ನಗರವನ್ನು ಬಲ್ಲ ಮೊದಲ ಬಗೆಯ ಹಿರಿಯರು, ನಗರಕ್ಕೆ ಹೊಸಬರಾದ ಎರಡನೆಯ ಬಗೆಯವರ ಕೈಹಿಡಿದು ಬ್ಯಾಂಕಿಗೆ, ಆಸ್ಪತ್ರೆಗೆ ಕರೆದೊಯ್ಯುವುದಕ್ಕಿಂತ ಸಹಜವಾದ ಏರ್ಪಾಡು ಇನ್ನಾವುದಿದೆ?

ಬರಲಾಗದವರ ಮಾತು ಉಳಿಯಿತು. ಹಾಸಿಗೆ ಹಿಡಿದವರಿಗೆ, ಮಳೆಗಾಲದಲ್ಲಿ ಹೊರಡಲಾರದವರಿಗೆ, ಬೆಳಿಗ್ಗೆ ಹನ್ನೊಂದಕ್ಕೆ ಹಗಲುಮನೆಯಿಂದ ಒಂದು ಕರೆ ಹೋಗಬೇಕು: ತಿಂಡಿ ಆಯಿತೇ, ರಾತ್ರಿ ನಿದ್ದೆ ಬಂತೇ, ಮಾತ್ರೆ ತೆಗೆದುಕೊಂಡಿರೇ ಎಂಬ ಎರಡು ನಿಮಿಷದ ಮಾತು. ಕರೆ ಮಾಡುವವರೂ ಹಿರಿಯರೇ ಆಗಿರಲಿ. ಹಾಜರಿ ಪುಸ್ತಕದಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಮನೆಯ ವಿಳಾಸ, ಮಕ್ಕಳ ದೂರವಾಣಿ ಸಂಖ್ಯೆ, ಕೀಲಿಕೈ ಇರುವ ನೆರೆಯವರ ಹೆಸರು ಬರೆದಿರಬೇಕು. ಎರಡು ದಿನ ಬಾರದ, ಕರೆಗೂ ಉತ್ತರಿಸದ ಹೆಸರೊಂದು ಕಂಡರೆ, ಮೂರನೆಯ ದಿನಕ್ಕೆ ಕಾಯದೆ ಯಾರಾದರೊಬ್ಬರು ಆ ಮನೆಯ ಬಾಗಿಲನ್ನು ತಟ್ಟಬೇಕು.