ಚಪ್ಪಾಳೆ ಸಾಕು, ಚೆಂಡು ಕೊಡಿ
ವಿಶೇಷ ಅಗತ್ಯವುಳ್ಳ ಮಕ್ಕಳ ತಂಡದಾಟ: ಓದುಗರ ಪ್ರಶ್ನೆ, ತರಬೇತುದಾರರ ಉತ್ತರ

2024ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ಕೇರಳ ರಾಜ್ಯ ಶಾಲಾ ಕ್ರೀಡಾಕೂಟದಲ್ಲಿ ವಿಶೇಷ ಅಗತ್ಯವುಳ್ಳ 1,500ಕ್ಕೂ ಹೆಚ್ಚು ಮಕ್ಕಳು ಮೊದಲ ಬಾರಿಗೆ ಉಳಿದ ಮಕ್ಕಳ ಜೊತೆ ಒಂದೇ ಕೂಟದಲ್ಲಿ ಸ್ಪರ್ಧಿಸಿದರು. ಮಿಶ್ರ ರಿಲೇ, ಗೈಡ್ ಜೊತೆಗಿನ ಓಟ, ಫುಟ್‌ಬಾಲ್, ಹ್ಯಾಂಡ್‌ಬಾಲ್, ಬ್ಯಾಡ್ಮಿಂಟನ್ ಎಲ್ಲವೂ ಇದ್ದವು. 2025ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಕೂಟದಲ್ಲೂ ಇದು ಮುಂದುವರಿಯಿತು. ಆ ಎರಡು ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಕಾಸರಗೋಡಿನಿಂದಲೂ ಈ ವಿಷಯವಾಗಿ ಪತ್ರಗಳು ಬರುತ್ತಿವೆ. ಈ ಸಲದ ಅಂಕಣ ಅವುಗಳಿಗೇ ಮೀಸಲು.

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ, ಡೌನ್ ಸಿಂಡ್ರೋಮ್ ಇದೆ. ಸಂಜೆ ಅಪಾರ್ಟ್‌ಮೆಂಟಿನ ಹುಡುಗರ ಜೊತೆ ಫುಟ್‌ಬಾಲ್ ಆಡಲು ಇಳಿಯುತ್ತಾನೆ. ಒಳ್ಳೆಯ ಹುಡುಗರೇ. ಆಟ ಮುಗಿಯುವ ಹೊತ್ತಿಗೆ ಗೋಲ್‌ಕೀಪರ್ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಇವನ ಕೈಲಿ ಒಂದು ಗೋಲು ಹೊಡೆಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಈಚೆಗೆ ಗೋಲು ಹೊಡೆದ ದಿನವೂ ಸಪ್ಪೆ ಮುಖ ಮಾಡಿಕೊಂಡೇ ಬರುತ್ತಾನೆ. ಕುತ್ತಿಗೆಗೆ ಅಪಾಯ, ಆಟ ಬಿಡಿಸು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
— ತಾಯಿ, ಕಾಕನಾಡು, ಕೊಚ್ಚಿ

ಉತ್ತರ: ಅತ್ತೆಯವರ ಆತಂಕಕ್ಕೆ ಕಾರಣವಿದೆ, ಅಮ್ಮ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಕುತ್ತಿಗೆ ನೋವು, ತಲೆ ಒಂದು ಕಡೆ ವಾಲುವುದು, ನಡಿಗೆ ಬದಲಾಗುವುದು, ಕೈಕಾಲಿನ ಬಲ ಕುಂದುವುದು, ಮಲಮೂತ್ರದ ಹತೋಟಿ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಆಟ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಿ. ಇಂಥ ಲಕ್ಷಣ ಇಲ್ಲದಿದ್ದರೂ ತಂಡಕ್ಕೆ ಸೇರಿಸುವ ಮೊದಲು ಮಕ್ಕಳ ವೈದ್ಯರಿಂದ ಕುತ್ತಿಗೆ, ಹೃದಯ ಎರಡನ್ನೂ ಪರೀಕ್ಷೆ ಮಾಡಿಸಿ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ವೈದ್ಯರು ಒಪ್ಪಿದ ಮೇಲೂ ತಲೆಯಿಂದ ಚೆಂಡು ಹೊಡೆಯುವುದು ಬೇಡ. ಆ ನಿಯಮ ಆಡುವ ಎಲ್ಲ ಹುಡುಗರಿಗೂ ಇರಲಿ, ಆಗ ಅದು ಇವನೊಬ್ಬನ ಕೊರತೆಯಾಗಿ ಕಾಣುವುದಿಲ್ಲ.

ಇನ್ನು ಆ ಗೋಲಿನ ವಿಷಯ. ಅದು ಆಟದ ಗೋಲಲ್ಲ ಎಂದು ನಿಮ್ಮ ಮಗನಿಗೆ ಅರ್ಥವಾಗಿದೆ. ಸಪ್ಪೆ ಮುಖ ಅದನ್ನೇ ಹೇಳುತ್ತಿದೆ. ಅವನಿಗೆ ಬೇಕಿರುವುದು ಪಂದ್ಯದ ಕೊನೆಯಲ್ಲಿ ಒಂದು ಗೋಲಿನ ದಾನವಲ್ಲ, ಮೊದಲಿನಿಂದ ಕೊನೆಯವರೆಗೆ ಒಂದು ಕೆಲಸ. ಸ್ಪೆಷಲ್ ಒಲಿಂಪಿಕ್ಸ್‌ನವರ ಯೂನಿಫೈಡ್ ಫುಟ್‌ಬಾಲ್‌ನಲ್ಲಿ ಇದಕ್ಕೆ ಲೆಕ್ಕವೇ ಇದೆ. ಏಳು ಜನರ ತಂಡವಾದರೆ ಬೌದ್ಧಿಕ ಅಸಾಮರ್ಥ್ಯವಿರುವ ನಾಲ್ವರು, ಇಲ್ಲದ ಮೂವರು. ಐದು ಜನರದ್ದಾದರೆ ಮೂವರು, ಇಬ್ಬರು. ಹೆಚ್ಚಿನ ಪಾಲು ಅವರದ್ದೇ ಆದ್ದರಿಂದ ಅವರಿಲ್ಲದೆ ಆಟ ಸಾಗುವುದಿಲ್ಲ. ಕೇರಳದಲ್ಲಿ ಸೆವೆನ್ಸ್ ಆಡದ ಹುಡುಗರು ಸಿಗುವುದೇ ಕಷ್ಟ, ಏಳು ಜನರ ಆಟವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಅಷ್ಟು ಮಕ್ಕಳು ಸಿಗದಿದ್ದರೆ ಅಂಗಳವನ್ನು ಅರ್ಧ ಮಾಡಿ, ಒಂದೊಂದು ಕಡೆ ಮೂವರನ್ನು ನಿಲ್ಲಿಸಿ. ಗಾಳಿ ಸ್ವಲ್ಪ ಕಡಿಮೆಯಿರುವ ಚೆಂಡು ಬಳಸಿ, ಅದು ನಿಧಾನವಾಗಿ ಉರುಳುತ್ತದೆ. ಗೆರೆಯಾಚೆ ಹೋದ ಚೆಂಡನ್ನೆಲ್ಲ ಕಾಲಿನಿಂದ ಒಳಗೆ ಹಾಕುವ ಕೆಲಸ ನಿಮ್ಮ ಮಗನದ್ದಾಗಲಿ. ಗೋಲ್‌ಕೀಪರ್ ಮಾತ್ರ ಸರಿದು ನಿಲ್ಲುವುದು ಬೇಡ. ತಡೆದರೆ ತಡೆಯಲಿ.

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಆರು ಮಂದಿ ವಿಶೇಷ ಮಕ್ಕಳನ್ನು ಸೇರಿಸಿ ಹ್ಯಾಂಡ್‌ಬಾಲ್ ತಂಡ ಕಟ್ಟಿದ್ದೇನೆ. ಪಂದ್ಯ ಶುರುವಾದರೆ ಉಳಿದ ಹುಡುಗರೇ ಚೆಂಡು ಇಟ್ಟುಕೊಂಡು ಗೋಲು ಹಾಕುತ್ತಾರೆ. ಬೈದರೆ ಎರಡು ನಿಮಿಷ ಸರಿಯಿರುತ್ತಾರೆ, ಮತ್ತೆ ಅದೇ ಪಾಡು.
— ಶಿಕ್ಷಕರು, ಕಳಕ್ಕೂಟ್ಟಂ, ತಿರುವನಂತಪುರ

ಉತ್ತರ: ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ. ಎಲ್ಲ ಆಟಗಾರರ ಹೆಸರನ್ನು ಹಾಳೆಯ ಮೇಲೆ ಬರೆದು, ಆಡದ ಒಬ್ಬ ಹುಡುಗನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿ. ಹತ್ತು ನಿಮಿಷದ ಆಟದಲ್ಲಿ ಚೆಂಡು ಯಾರ ಕೈಗೆ ಬಂದರೂ ಅವರ ಹೆಸರಿನ ಮುಂದೆ ಒಂದು ಗೆರೆ ಎಳೆಯಲಿ. ಆಮೇಲೆ ಆ ಹಾಳೆಯನ್ನು ತಂಡದ ಮುಂದೆ ಹಿಡಿಯಿರಿ. ಒಬ್ಬನ ಮುಂದೆ ಸಾಲು ಗೆರೆ, ಇನ್ನೊಬ್ಬನ ಮುಂದೆ ಬರೀ ಖಾಲಿ. ಬೈಗುಳಕ್ಕಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಎರಡನೆಯದು ಆಯ್ಕೆ. ಶಾಲಾ ತಂಡದ ಸ್ಟಾರ್ ಆಟಗಾರರನ್ನು ಜೊತೆಗಾರರನ್ನಾಗಿ ತಂದರೆ ಹೀಗೇ ಆಗುವುದು. ಪಂದ್ಯಕ್ಕೆಂದು ಕಟ್ಟುವ ಯೂನಿಫೈಡ್ ತಂಡದಲ್ಲಿ ವಯಸ್ಸೂ ಆಟದ ಮಟ್ಟವೂ ಹತ್ತಿರ ಹತ್ತಿರ ಇರಬೇಕು ಎನ್ನುವುದು ಮೂಲ ನಿಯಮ. ಶಾಲಾ ತಂಡದಲ್ಲಿ ಜಾಗ ಸಿಗದ, ಆದರೆ ಆಡುವ ಆಸೆಯಿರುವ ಮಕ್ಕಳು ನಿಮ್ಮಲ್ಲೂ ಎಷ್ಟೋ ಮಂದಿ ಇರುತ್ತಾರೆ. ಅವರನ್ನು ಕರೆಯಿರಿ.

ಮೂರನೆಯದು ನಿಯಮ. ಒಳ್ಳೆಯತನವೊಂದನ್ನೇ ನಂಬಿ ಆಟ ನಡೆಸಲಾಗದು, ಗೆಲ್ಲಬೇಕಾದರೆ ಎಲ್ಲರೂ ಬೇಕು ಎನ್ನುವಂತೆ ಆಟವನ್ನೇ ಹೆಣೆಯಬೇಕು. ಅಂಧರ ಕ್ರಿಕೆಟ್ ನೋಡಿ. ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ಣ ಅಂಧರಿರಬೇಕು, ಅವರು ಹೊಡೆದ ಒಂದೊಂದು ರನ್ನಿಗೆ ಎರಡರ ಲೆಕ್ಕ. ಹಾಗಾಗಿ ಯಾವ ನಾಯಕಿಯೂ ಅವರನ್ನು ಲೆಕ್ಕ ಭರ್ತಿಗೆಂದು ಆಡಿಸುವುದಿಲ್ಲ. ನಮ್ಮ ಕರ್ನಾಟಕದ ಪರ ಆಡುವ ದೀಪಿಕಾ ಟಿ.ಸಿ. ನಾಯಕತ್ವದಲ್ಲಿ ಭಾರತ 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದದ್ದು ಇದೇ ನಿಯಮಗಳಡಿ. ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್‌ನಲ್ಲೂ ಅಷ್ಟೇ. ದೇಹದ ಸಾಮರ್ಥ್ಯ ನೋಡಿ ಪ್ರತಿ ಆಟಗಾರರಿಗೂ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ, ಅಂಕಣದಲ್ಲಿರುವ ಐವರ ಮೊತ್ತ 14 ದಾಟುವಂತಿಲ್ಲ. ಬಲಿಷ್ಠರನ್ನಷ್ಟೇ ಇಳಿಸಲು ಕೋಚ್‌ಗೆ ದಾರಿಯೇ ಇಲ್ಲ.

ನಿಮ್ಮ ಅಭ್ಯಾಸದಲ್ಲಿ ಹೀಗೆ ಮಾಡಿ: ಗೋಲಿಗೆ ಮೊದಲು ಚೆಂಡು ವಿಶೇಷ ಮಕ್ಕಳಲ್ಲಿ ಇಬ್ಬರ ಕೈ ದಾಟಿರಬೇಕು, ಜೊತೆಗಾರರು ಒಬ್ಬೊಬ್ಬರೂ ಒಂದು ಪಂದ್ಯದಲ್ಲಿ ಎರಡಕ್ಕಿಂತ ಹೆಚ್ಚು ಗೋಲು ಹಾಕುವಂತಿಲ್ಲ. ವಾರ ಬಿಟ್ಟು ಮತ್ತೆ ಗೆರೆ ಎಳೆಸಿ, ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವಳ ಅಣ್ಣ ದಿನಾ ಟರ್ಫ್‌ನಲ್ಲಿ ಫುಟ್‌ಬಾಲ್ ಆಡುತ್ತಾನೆ, ಇವಳು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಾಳೆ. ಇಬ್ಬರೂ ಸೇರಿ ಆಡುವ ಆಟ ಯಾವುದಾದರೂ ಇದೆಯೇ?
— ತಂದೆ, ಇಡಪ್ಪಳ್ಳಿ, ಕೊಚ್ಚಿ

ಉತ್ತರ: ಅವಳು ಕೇಳಿಸಿಕೊಳ್ಳುತ್ತಿರುವ ಅದೇ ಆಟ ಇದೆ. ಭಾರತದಲ್ಲಿ ಅಂಧರ ಫುಟ್‌ಬಾಲ್‌ನ ತವರೇ ನೀವಿರುವ ಊರು. ಇಂಡಿಯನ್ ಬ್ಲೈಂಡ್ ಫುಟ್‌ಬಾಲ್ ಫೆಡರೇಷನ್ ಕೊಚ್ಚಿಯಿಂದಲೇ ಕೆಲಸ ಮಾಡುತ್ತದೆ. 2022ರ ನವೆಂಬರ್‌ನಲ್ಲಿ ಏಷ್ಯಾ–ಓಷಿಯಾನಿಯಾ ಚಾಂಪಿಯನ್‌ಷಿಪ್ ಅಲ್ಲೇ ನಡೆಯಿತು, ಮಹಿಳೆಯರ ಪಂದ್ಯಗಳೂ ಇದ್ದವು. ಹೆಣ್ಣುಮಕ್ಕಳಿಗೆ ಮುಂದೆ ದಾರಿಯಿದೆಯೇ ಎಂದು ಚಿಂತಿಸಬೇಡಿ.

ಆಟ ನಡೆಯುವುದು ಹೀಗೆ. ಚೆಂಡಿನೊಳಗೆ ಗಿಲಕಿಯಿರುತ್ತದೆ, ಉರುಳಿದರೆ ಸದ್ದು ಮಾಡುತ್ತದೆ. ಮೈದಾನ 40 ಮೀಟರ್ ಉದ್ದ, 20 ಮೀಟರ್ ಅಗಲ. ಎರಡು ಬದಿಗೂ ಹಲಗೆ ಕಟ್ಟಿರುತ್ತಾರೆ, ಚೆಂಡು ಅದಕ್ಕೆ ತಾಗಿ ವಾಪಸ್ ಬರುತ್ತದೆ. ಅಲ್ಪಸ್ವಲ್ಪ ಕಾಣುವವರಿಗೆ ಅನುಕೂಲ ಸಿಗಬಾರದೆಂದು ಗೋಲ್‌ಕೀಪರ್ ಬಿಟ್ಟು ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಚೆಂಡಿನತ್ತ ನುಗ್ಗುವವರು ‘ವಾಯ್’ ಎಂದು ಕೂಗಲೇಬೇಕು, ಕೂಗದಿದ್ದರೆ ಫೌಲ್. ಗೋಲ್‌ಕೀಪರ್‌ಗೆ ಕಣ್ಣು ಕಾಣಬಹುದು. ಎದುರಾಳಿಯ ಗೋಲಿನ ಹಿಂದೆ ನಿಂತು ದಿಕ್ಕು ಹೇಳುವ ಗೈಡ್‌ಗೂ ಕಾಣಬಹುದು.

ನಿಮ್ಮ ಮಗನಿಗೆ ಅಲ್ಲಿದೆ ಜಾಗ. ಅವನು ಗೋಲಿನಲ್ಲಿ ನಿಂತು, ತಂಗಿಯ ತಂಡದ ಹಿಂಭಾಗವನ್ನು ಮಾತಿನಿಂದಲೇ ನಡೆಸಬಹುದು. ‘ಎಡಕ್ಕೆ ಎರಡು ಹೆಜ್ಜೆ’, ‘ಬಲಗಡೆ ಒಬ್ಬ ಬಂದ’ ಎಂದು ಚುಟುಕಾಗಿ, ತಪ್ಪಿಲ್ಲದೆ, ಸರಿಯಾದ ಹೊತ್ತಿಗೆ ಹೇಳುವುದು ಸುಲಭವಲ್ಲ. ಮನೆಯಲ್ಲಿ ಶುರು ಮಾಡುವುದಾದರೆ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿ, ಉರುಳುವಾಗ ಸರಸರ ಸದ್ದು ಬರುತ್ತದೆ. ಅಣ್ಣನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಲಿ. ಆ ಆಟದಲ್ಲಿ ಅವಳೇ ಅವನಿಗೆ ಗುರು.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮ ಶಾಲೆ. ಆಟಿಸಂ ಇರುವ ನಮ್ಮ ಹುಡುಗನೊಬ್ಬ ರಿಲೇಯಲ್ಲಿ ಚೆನ್ನಾಗಿ ಓಡುತ್ತಾನೆ. ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ದೂರದ ಊರು, ರಾತ್ರಿ ರೈಲು, ಗದ್ದಲ, ಎಲ್ಲ ಕಡೆ ಮಲಯಾಳಂ. ಕರೆದುಕೊಂಡು ಹೋಗಲು ಮನೆಯವರಿಗೂ ಧೈರ್ಯವಿಲ್ಲ, ನನಗೂ ಇಲ್ಲ. ಅಪಸ್ಮಾರಕ್ಕೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ.
— ಅಧ್ಯಾಪಿಕೆ, ಕುಂಬಳೆ, ಕಾಸರಗೋಡು

ಉತ್ತರ: ಟೀಚರೇ, ಓಡುವುದನ್ನು ಅಭ್ಯಾಸ ಮಾಡಿಸಿದ ಹಾಗೆ ಪ್ರಯಾಣವನ್ನೂ ಗದ್ದಲವನ್ನೂ ಅಭ್ಯಾಸ ಮಾಡಿಸಬೇಕು. ಕುಂಬಳೆಯಿಂದ ಕಾಸರಗೋಡಿಗೆ ಒಂದು ಸಲ, ಕಣ್ಣೂರಿಗೆ ಒಂದು ಸಲ ರೈಲಿನಲ್ಲಿ ಹೋಗಿ ಬನ್ನಿ. ಮೈದಾನದ ಚಿತ್ರ, ಉಳಿಯುವ ಕೋಣೆಯ ಚಿತ್ರ, ಊಟದ ಚಿತ್ರ ಅಂಟಿಸಿ ದಿನದ ಪಟ್ಟಿ ಮಾಡಿ ಅವನ ಕೈಗೆ ಕೊಡಿ. ಒಂದೊಂದು ಕೆಲಸ ಮುಗಿದ ಹಾಗೆ ಅವನೇ ಅದರ ಮೇಲೆ ಗೆರೆ ಎಳೆಯಲಿ.

ಸದ್ದಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪಿಸ್ತೂಲಿನ ಸದ್ದು, ಮೈಕಿನ ಅರಚಾಟ ಇಂಥ ಮಕ್ಕಳಿಗೆ ನೋವೇ ಕೊಡಬಹುದು. ಶಾಲೆಯಲ್ಲಿ ಮೆಲ್ಲಗೆ ಶುರು ಮಾಡಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಜೋರು ಮಾಡಿ. ಎರಡನೆಯ ಅಥವಾ ಮೂರನೆಯ ಓಟಗಾರನಾಗಿ ನಿಲ್ಲಿಸಿದರೆ ಅವನು ಪಿಸ್ತೂಲಿನಿಂದ ದೂರ ಇರುತ್ತಾನೆ. ಕಿವಿ ಮುಚ್ಚುವ ಹೆಡ್‌ಫೋನನ್ನು ಓಟದ ಹೊತ್ತು ಬರುವವರೆಗೆ ಹಾಕಿಕೊಂಡಿರಲಿ. ಬೆನ್ನಿಗೆ ಚುಚ್ಚುವ ಹೊಸ ಜೆರ್ಸಿ ಅಲ್ಲಿ ಹೋಗಿ ತೊಡಿಸಬೇಡಿ, ಮೊದಲೇ ನಾಲ್ಕು ಸಲ ಒಗೆದು ತೊಟ್ಟು ರೂಢಿಯಾಗಿರಲಿ.

ಭಾಷೆಗೂ ದಾರಿಯಿದೆ. ತಂಡದ ಮಕ್ಕಳೆಲ್ಲ ‘ಓಡು’, ‘ಹಿಡಿ’, ‘ನಿಲ್ಲು’ ಎಂಬ ಮೂರೇ ಕನ್ನಡ ಮಾತು ಕಲಿಯಲಿ. ಮೂರಕ್ಕೂ ಒಂದೊಂದು ಕೈಸನ್ನೆ ಇರಲಿ. ಬೇಟನ್ ಕೊಡುವವನು ಯಾವಾಗಲೂ ಒಬ್ಬನೇ ಆಗಿರಲಿ, ಅವನ ದನಿ ಇವನಿಗೆ ಗುರುತಾಗಿರಬೇಕು.

ಮಾತ್ರೆಯ ಹೆಸರನ್ನು ನೋಡಿ. ಟೋಪಿರಾಮೇಟ್‌ನಂಥ ಕೆಲವು ಮಾತ್ರೆಗಳು ಬೆವರುವುದನ್ನು ಕಡಿಮೆ ಮಾಡುತ್ತವೆ. ಕರಾವಳಿಯ ಸೆಕೆಯಲ್ಲಿ ಮೈ ಬಿಸಿಯೇರಿದ್ದು ಹೊರಗೆ ತಿಳಿಯುವುದಿಲ್ಲ. ವೈದ್ಯರನ್ನು ಕೇಳಿಕೊಳ್ಳಿ, ನೆರಳಿನಲ್ಲಿ ಕೂರಿಸಿ, ಒದ್ದೆ ಬಟ್ಟೆ, ನೀರು ಜೊತೆಗಿರಲಿ. ರಾತ್ರಿ ರೈಲಿನಲ್ಲಿ ಮಾತ್ರೆಯೂ ನಿದ್ದೆಯೂ ತಪ್ಪದ ಹಾಗೆ ನೋಡಿಕೊಳ್ಳಿ, ಎರಡರಲ್ಲಿ ಯಾವುದು ತಪ್ಪಿದರೂ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಓಟಕ್ಕೆ ಒಂದು ದಿನ ಮೊದಲೇ ತಲುಪಿ ಟ್ರ್ಯಾಕಿನ ಮೇಲೆ ಅವನನ್ನು ಒಂದು ಸುತ್ತು ನಡೆಸಿ. ಇಷ್ಟು ಸಿದ್ಧತೆಯಿದ್ದರೆ ಧೈರ್ಯವಾಗಿ ಹೊರಡಿ.

ಪ್ರಶ್ನೆ: ನನ್ನ ಮಗಳು ಶಾಲೆಯ ಒಳ್ಳೆಯ ಫುಟ್‌ಬಾಲ್ ಆಟಗಾರ್ತಿ. ಅವಳನ್ನು ವಿಶೇಷ ಮಕ್ಕಳ ತಂಡಕ್ಕೆ ಜೊತೆಗಾರ್ತಿಯಾಗಿ ಹಾಕಿದ್ದಾರೆ. ಕೇಳುವುದು ತಪ್ಪೋ ಏನೋ, ಇದರಿಂದ ಅವಳ ಆಟ ಹಿಂದೆ ಬೀಳುವುದಿಲ್ಲವೇ?
— ತಾಯಿ, ಪಟ್ಟಂ, ತಿರುವನಂತಪುರ

ಉತ್ತರ: ತಪ್ಪೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ಇಂಥ ತಂಡಗಳಲ್ಲಿ ಬೇರೆ ಬೇರೆ ಬಗೆಯಿವೆ. ಸರಿಸಮ ಮಟ್ಟದವರು ಸೇರಿ ಪಂದ್ಯ ಆಡುವುದು ಒಂದು, ಹೆಚ್ಚು ಆಟ ಬಲ್ಲವರು ಉಳಿದವರನ್ನು ಬೆಳೆಸುವುದು ಇನ್ನೊಂದು. ನಿಮ್ಮ ಮಗಳ ತಂಡ ಯಾವುದು ಎಂದು ಕೋಚ್‌ರನ್ನು ಕೇಳಿ. ಎರಡನೆಯ ಬಗೆಯಾದರೆ ಅದು ಅವಳ ಸ್ವಂತ ಅಭ್ಯಾಸದ ಬದಲಿಗೆ ಅಲ್ಲ, ಅದರ ಜೊತೆಗೆ ನಡೆಯಬೇಕು. ವಾರಕ್ಕೆ ಒಂದೆರಡು ದಿನ ಸಾಕು. ಮನಸ್ಸಿಲ್ಲದ ಮಗುವನ್ನು ಬಲವಂತವಾಗಿ ಹಾಕಿದರೆ ಎರಡೂ ಕಡೆಯ ಮಕ್ಕಳಿಗೆ ಅನ್ಯಾಯ.

ಮನಸ್ಸಿದ್ದರೆ ಅವಳಿಗೆ ಲಾಭವೇ ಹೆಚ್ಚು. ಎದುರಿನವಳ ವೇಗ ಅಳೆದು, ಅವಳ ಸಲೀಸು ಕಾಲಿಗೇ ತಲುಪುವ ಹಾಗೆ ಪಾಸ್ ಕೊಡುವುದು ಫುಟ್‌ಬಾಲ್‌ನ ಕಷ್ಟದ ವಿದ್ಯೆಗಳಲ್ಲೊಂದು. ಬಿರುಸಾಗಿ ಓಡಬಲ್ಲ ಎಷ್ಟೋ ಮಕ್ಕಳು ಅದನ್ನು ಕಲಿಯುವುದೇ ಇಲ್ಲ. ಒಂದು ಮಾತು ಮಾತ್ರ ಅವಳಿಗೆ ಹೇಳಿ: ತಂಡದ ಯಾರನ್ನೂ ‘ಪಾಪ’ ಎನ್ನಬಾರದು. ಚೆಂಡು ಬಿಟ್ಟರೆ ಬೇರೆ ಗೆಳತಿಯರಿಗೆ ಹೇಳುವಂತೆಯೇ ‘ಹಿಡಿಯೇ’ ಎನ್ನಲಿ.

ಪ್ರಶ್ನೆ: ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿ, ಹದಿಮೂರು ವರ್ಷ, ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಬುದ್ಧಿ ಬಹಳ ಚುರುಕು. ಆಟದ ಪೀರಿಯಡ್‌ನಲ್ಲಿ ಶಾಲೆಯವರು ಯಾವಾಗಲೂ ಸ್ಕೋರ್ ಬರೆಯಲು ಕೂರಿಸುತ್ತಾರೆ. ಅವನು ಆಡುವಂಥದ್ದು ಏನಾದರೂ ಇದೆಯೇ?
— ಅಜ್ಜ, ವೈಟ್ಟಿಲ, ಕೊಚ್ಚಿ

ಉತ್ತರ: ಇದೆ ಯಜಮಾನರೇ, ಅವನಂಥವರಿಗೆಂದೇ ರೂಪುಗೊಂಡ ಬೋಚಿಯಾ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಮೊದಲು ಒಂದು ಬಿಳಿ ಚೆಂಡನ್ನು ಎಸೆಯುತ್ತಾರೆ. ಒಂದು ಕಡೆಯವರಿಗೆ ಆರು ಕೆಂಪು, ಇನ್ನೊಂದು ಕಡೆಯವರಿಗೆ ಆರು ನೀಲಿ ಚೆಂಡು. ಬಿಳಿ ಚೆಂಡಿಗೆ ಯಾರ ಚೆಂಡು ಹತ್ತಿರವೋ ಅಂಕ ಅವರಿಗೆ. ಒಬ್ಬೊಬ್ಬರಾಗಿಯೂ ಆಡಬಹುದು, ಜೋಡಿಯಾಗಿ, ತಂಡವಾಗಿಯೂ ಆಡಬಹುದು. ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ. ಬ್ಯಾಡ್ಮಿಂಟನ್ ಕೋರ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ನೆಟ್ ಬಿಚ್ಚಿದರೆ ಶಾಲೆಯಲ್ಲೇ ಜಾಗ ಸಿದ್ಧ.

ಕೈಯಿಂದ ಎಸೆಯಲಾಗದವರು ಇಳಿಜಾರು ದೋಣಿಯ ಮೇಲಿಂದ ಚೆಂಡು ಉರುಳಿಸುತ್ತಾರೆ. ಅಭ್ಯಾಸಕ್ಕೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಸಾಕು. ದೋಣಿಯನ್ನು ಸರಿಸಲು ಒಬ್ಬ ಸಹಾಯಕ ಇರುತ್ತಾನೆ, ಆದರೆ ಅವನು ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವಂತಿಲ್ಲ. ಎಷ್ಟು ಎಡಕ್ಕೆ, ಎಷ್ಟು ಎತ್ತರಕ್ಕೆ ಎಂದು ಆಟಗಾರನೇ ಹೇಳಬೇಕು. ಸಹಾಯ ಇನ್ನೊಬ್ಬರದ್ದು, ತೀರ್ಮಾನ ಅವನದ್ದು. ವಿಶೇಷ ಮಕ್ಕಳ ಜೊತೆ ಆಡುವ, ಆಡಿಸುವ ಎಲ್ಲರೂ ಕಲಿಯಬೇಕಾದ ಪಾಠ ಈ ಒಂದು ನಿಯಮದಲ್ಲಿದೆ.

ಶಾಲೆಯಲ್ಲಿ ಹಿಂಜರಿಯದೆ ಮಾತಾಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಕ್ರೀಡೆಯಲ್ಲೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕು ಎನ್ನುತ್ತದೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 16ನೇ ಸೆಕ್ಷನ್. ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಬರೀ ‘ಅವಕಾಶ ಮಾಡಿಕೊಡಿ’ ಎಂದರೆ ಉತ್ತರವೂ ಹಾಗೇ ಹಾರಿಕೆಯದ್ದಾಗುತ್ತದೆ. ಯಾವ ದಿನ, ಯಾವ ಪೀರಿಯಡ್, ಯಾವ ಆಟ, ತಂಡದಲ್ಲಿ ಇವನ ಜಾಗ ಯಾವುದು ಎಂದು ಕೇಳಿ. ಸ್ಕೋರ್ ಬರೆಯುವ ಕೆಲಸಕ್ಕೆ ಎಲ್ಲರೂ ಸರದಿಯ ಪ್ರಕಾರ ಕೂರಲಿ. ಇವನೂ ತನ್ನ ಸರದಿ ಬಂದಾಗ ಕೂರುತ್ತಾನೆ.