ಕೆಎ ನಂಬರಿನ ಝಡ್4ಗೆ ನಾನು 17 ಲಕ್ಷ ಹೇಳಿದ್ದೇಕೆ

ಹೈದರಾಬಾದಿನ ಲಿಂಗಂಪಲ್ಲಿ, ನಲ್ಲಗಂಡ್ಲ, ತೆಲ್ಲಾಪುರದ ದೊಡ್ಡ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿಗೆ ಇಳಿದರೆ ಕವರು ಹೊದ್ದು ನಿಂತ ಒಂದಾದರೂ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬೀಳುತ್ತದೆ. ಕಂಪನಿಯ ಷೇರು ಮಾರಿದ ದುಡ್ಡಿನಲ್ಲಿ ಕೊಂಡದ್ದು. ಆಮೇಲೆ ಮಗುವಾಯಿತು, ಎರಡು ಸೀಟು ಸಾಲದಾಯಿತು, ಇಲ್ಲವೇ ಅಮೆರಿಕದ ವೀಸಾ ಬಂತು. ಇಂಥ ಕಾರು ಮಾರಾಟಕ್ಕೆ ಬಂದಾಗ ಮಾಲೀಕರು ಒಂದು ಬೆಲೆ ಹೇಳುತ್ತಾರೆ. ಆ ಬೆಲೆಯಲ್ಲಿ ಅವರ ಪ್ರೀತಿಯೂ ಸೇರಿರುತ್ತದೆ, ಅದಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ.

ನಾನು ನೋಡಲು ಹೋದದ್ದು 2013ರ ಬಿಎಂಡಬ್ಲ್ಯು ಝಡ್4. ಇಪ್ಪತ್ತು ಸೆಕೆಂಡಿನಲ್ಲಿ ಮಡಚಿಕೊಳ್ಳುವ ಲೋಹದ ಛಾವಣಿ, ಮೂರು ಲೀಟರಿನ ಟರ್ಬೊ ಎಂಜಿನ್, ಬೆಂಗಳೂರಿನ ನಂಬರು. ಕೇಳಿದ ಬೆಲೆ 23.5 ಲಕ್ಷ. ಬೀದರಿನ ನಮ್ಮ ನೆಂಟರಿಗೆ ಹೇಳಿದಾಗ, ಎರಡೇ ಸೀಟಿಗೆ ಇಷ್ಟಾದರೆ ಪೂರ್ತಿ ಕಾರಿಗೆ ಎಷ್ಟು ಎಂದು ಕೇಳಿದರು. ಸುಮ್ಮನೆ ನಕ್ಕುಬಿಡುವ ಪ್ರಶ್ನೆಯಲ್ಲ ಅದು. ಎರಡು ಸೀಟಿನ ಕಾರು ಕೊಳ್ಳುವವರು ಕಡಿಮೆ. ನಾಳೆ ನಾವು ಮಾರುವಾಗಲೂ ಅವರು ಕಡಿಮೆಯೇ ಇರುತ್ತಾರೆ.

ಮಾರುತಿ ಸ್ವಿಫ್ಟ್ ಕೊಳ್ಳುವವನಿಗೆ ಬೆಲೆ ತಿಳಿಯುವುದು ಸುಲಭ. ಚಂದಾನಗರದ ನಾಲ್ಕು ಹಳೆ ಕಾರಿನ ಕನ್ಸಲ್ಟೆನ್ಸಿಗಳಲ್ಲಿ ವಿಚಾರಿಸಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಸ್ಪೋರ್ಟ್ಸ್ ಕಾರಿಗೆ ಆ ಸೌಕರ್ಯವಿಲ್ಲ. ಜಾಹೀರಾತಿನಲ್ಲಿ ಕಾಣುವುದೆಲ್ಲ ಕೇಳಿದ ಬೆಲೆ, ಕೊನೆಗೆ ಕೈ ಬದಲಾದ ಬೆಲೆ ಎಲ್ಲೂ ಅಚ್ಚಾಗುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಉಳಿದಿರುವ ಜಾಹೀರಾತು ಒಂದು ಸಂಗತಿಯನ್ನಂತೂ ಹೇಳುತ್ತದೆ: ಆ ಬೆಲೆಗೆ ಯಾರೂ ಕೊಳ್ಳಲಿಲ್ಲ.

ಹೊಸದಿದ್ದಾಗ ಎಷ್ಟಿತ್ತು ಎಂಬ ಲೆಕ್ಕವನ್ನು ನಾನು ಬದಿಗಿಡುತ್ತೇನೆ. ಫೋಕ್ಸ್‌ವ್ಯಾಗನ್ ಕಂಪನಿ 2016ರಲ್ಲಿ ಪೋಲೊ ಜಿಟಿಐಯನ್ನು 25.99 ಲಕ್ಷಕ್ಕೆ ಬಿಡುಗಡೆ ಮಾಡಿ, ಆಮೇಲೆ ಅದನ್ನೇ 19.99 ಲಕ್ಷಕ್ಕೆ ಇಳಿಸಿತು. ಕಾರು ಶೋರೂಮ್ ದಾಟುವ ಮೊದಲೇ ಆರು ಲಕ್ಷ ಕರಗಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ, ಸೆಸ್ಸೂ ಸೇರಿ ಶೇ 50ರವರೆಗೆ ಇದ್ದದ್ದು, ಶೇ 40ಕ್ಕೆ ಬಂತು. ಹೊಸದರ ಬೆಲೆ ಇಳಿದರೆ ಹಳೆಯದೂ ಇಳಿಯಲೇಬೇಕು. ಆದರೆ ಮಾರುವವರ ಬಾಯಲ್ಲಿ ಇನ್ನೂ ಹಳೆಯ ಲೆಕ್ಕವೇ ಇದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನು ಮಾರುವ ದಿನದಿಂದ. ಈ ಕಾರನ್ನು ನಾಲ್ಕು ವರ್ಷ ಇಟ್ಟುಕೊಳ್ಳುವುದು ನನ್ನ ಎಣಿಕೆ. ಆಗ ಇದಕ್ಕೆಷ್ಟು ಸಿಗುತ್ತದೆ ಎಂದು ಊಹಿಸಬೇಕಾಗಿಲ್ಲ, ಇದೇ ಮಾದರಿಯ ನಾಲ್ಕು ವರ್ಷ ಹಿರಿಯ ಕಾರು ಈವತ್ತು ಎಷ್ಟಕ್ಕೆ ಹೋಗುತ್ತಿದೆ ಎಂದು ನೋಡಿದರೆ ಸಾಕು. ಈ ಝಡ್4 ಭಾರತಕ್ಕೆ ಬಂದದ್ದು 2009ರಲ್ಲಿ. ಆ ವರ್ಷದವಕ್ಕೆ 16-17 ಕೇಳುತ್ತಿದ್ದರೂ ವ್ಯವಹಾರ 14ರ ಸುತ್ತ ಮುಗಿಯುತ್ತದೆ ಎಂದು ಇಬ್ಬರು ದಲ್ಲಾಳಿಗಳು ಬೇರೆಬೇರೆಯಾಗಿ ಹೇಳಿದರು. ವರ್ಷಕ್ಕೆ ಒಂದೂವರೆ ಲಕ್ಷ ಸವಕಳಿ ಹೋದರೆ ನನಗೆ ನಿದ್ದೆ ಕೆಡುವುದಿಲ್ಲ. ಹದಿನಾಲ್ಕಕ್ಕೆ ಆರು ಸೇರಿದರೆ ಇಪ್ಪತ್ತು. ಏನೂ ಕೊರತೆಯಿಲ್ಲದ ಕಾರಿಗೆ ನನ್ನ ಪಾಲಿನ ಬೆಲೆ ಅದು.

ಈ ಕಾರಿನಲ್ಲಿ ಕೊರತೆ ಇತ್ತು. ಮೀಟರಿನಲ್ಲಿ ಬರೀ 29 ಸಾವಿರ ಕಿಲೊಮೀಟರು, ಮಾಲೀಕರು ಎದೆಯುಬ್ಬಿಸಿ ತೋರಿಸಿದರು. ನನ್ನ ಜೊತೆ ಬಂದಿದ್ದ ಹುಮನಾಬಾದ್ ಕಡೆಯ ಮೆಕ್ಯಾನಿಕ್ ಕಿವಿಯಲ್ಲಿ, “ಸರ, ಓಡಿದ ಗಾಡಿಕಿಂತ ನಿಂತ ಗಾಡಿನೇ ಹೆಚ್ಚು ಕೆಡ್ತದ ನೋಡ್ರಿ” ಅಂದ. ನಿಂತಲ್ಲೇ ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಟ್ಯಾಂಕಿನಲ್ಲಿ ಉಳಿದ ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, 2013ರ ಕಾರೇನೂ ಇ20 ಇಂಧನವನ್ನು ಎಣಿಸಿ ಮಾಡಿದ್ದಲ್ಲ. ಟೈರಿನ ಗೋಡೆಯ ಮೇಲೆ 2317 ಎಂದಿತ್ತು, ಅಂದರೆ 2017ರ ಇಪ್ಪತ್ತಮೂರನೇ ವಾರದ್ದು. ಟ್ರೆಡ್ ಚೆನ್ನಾಗಿಯೇ ಇತ್ತು, ರಬ್ಬರು ಮಾತ್ರ ಗಟ್ಟಿಯಾಗಿತ್ತು. ನಾಲ್ಕು ರನ್‌ಫ್ಲ್ಯಾಟ್ ಟೈರಿಗೆ ಒಂದೂವರೆ ಲಕ್ಷ. ಬ್ಯಾಟರಿ, ಎಲ್ಲ ಆಯಿಲ್‌ಗಳು, ಕೂಲಂಟ್ ಪೈಪುಗಳು, ಸದ್ದು ಮಾಡುತ್ತಿದ್ದ ವಾಟರ್ ಪಂಪು ಸೇರಿ ಇನ್ನೊಂದೂವರೆ. ಈ ಎಂಜಿನ್ನಿನ ಹೈ ಪ್ರೆಶರ್ ಫ್ಯುಯೆಲ್ ಪಂಪಿನ ಸಲುವಾಗಿ 2010ರಲ್ಲಿ ಅಮೆರಿಕದಲ್ಲಿ ಕಾರುಗಳನ್ನು ವಾಪಸ್ ಕರೆಸಿದ್ದರು. ಇದರಲ್ಲಿ ಆ ಪಂಪು ಬದಲಾದ ಬಿಲ್ಲು ಸರ್ವೀಸ್ ಫೈಲಿನಲ್ಲಿತ್ತು, ಆ ಕಾಗದ ನೋಡಿ ನೆಮ್ಮದಿಯಾಯಿತು.

ಈ ಭಾಗದಲ್ಲಿ ಕಾರು ಕೊಳ್ಳುವವರು ನೀರಿನ ಗುರುತನ್ನು ಹುಡುಕಲೇಬೇಕು. ಲಿಂಗಂಪಲ್ಲಿಯ ರೈಲ್ವೆ ಅಂಡರ್‌ಪಾಸ್ ಜೋರು ಮಳೆಗೆ ಕೆರೆಯಾಗುವುದು ಇಲ್ಲಿ ಎಲ್ಲರಿಗೂ ಗೊತ್ತು. 2020ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ಹೈದರಾಬಾದಿನಲ್ಲಿ ಎಷ್ಟೋ ಕಾರುಗಳು ಮುಳುಗಿದವು. ನೆಲಕ್ಕೆ ಹತ್ತಿರ ಕೂತ ಕಾರಿಗೆ ಮೊಣಕಾಲುದ್ದದ ನೀರೇ ಹೆಚ್ಚು. ಸಿಲಿಂಡರಿಗೆ ನೀರು ಹೊಕ್ಕರೆ ಎಂಜಿನ್ ಬಿಚ್ಚಬೇಕಾಗುತ್ತದೆ, ಎಂಜಿನ್ ಪ್ರೊಟೆಕ್ಟ್ ಕವರ್ ಇಲ್ಲದಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ಹೊರಗಿನ ಹೊಳಪನ್ನು ಯಾರು ಬೇಕಾದರೂ ತರಿಸಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಬೇಕು, ಸೀಟಿನ ಕೆಳಗಿನ ಬೋಲ್ಟುಗಳಿಗೆ ಟಾರ್ಚ್ ಹಾಕಬೇಕು, ಕಾರ್ಪೆಟ್ ಎತ್ತಿ ಮೂಸಬೇಕು. ಇದರಲ್ಲಿ ಅಂಥ ಗುರುತು ಕಾಣಲಿಲ್ಲ. ಆದರೆ ಪೇಂಟಿನ ದಪ್ಪ ಅಳೆಯುವ ಮೀಟರು ಸುತ್ತಲೂ 120-140 ಮೈಕ್ರಾನ್ ತೋರಿಸುತ್ತಿದ್ದದ್ದು ಎಡಬಾಗಿಲಿನಲ್ಲಿ ಮಾತ್ರ 310ಕ್ಕೆ ಹಾರಿತು. ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ. ಕಂಬಕ್ಕೆ ತಾಗಿದ ಪೆಟ್ಟು, ಚಾಸಿಗೆ ಏನೂ ಆಗಿಲ್ಲ. ಅದಕ್ಕೆಂದು ನಾನು ಬೆಲೆ ಕಡಿಯಲಿಲ್ಲ.

ಇಪ್ಪತ್ತರಲ್ಲಿ ಮೂರು ಕಳೆದರೆ ಹದಿನೇಳು. ಉಳಿದದ್ದು ನಂಬರ್ ಪ್ಲೇಟಿನ ಪ್ರಶ್ನೆ.

ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಇಷ್ಟು ಕಟ್ಟಿದ್ದೇವಲ್ಲ ಎಂದು ಮಾಲೀಕರು ಭಾವಿಸುತ್ತಾರೆ. ಆದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು, ತೆಲಂಗಾಣಕ್ಕೆ ಜೀವಾವಧಿ ತೆರಿಗೆ ಹೊಸದಾಗಿ ಕಟ್ಟಬೇಕು. ವಯಸ್ಸಾದಂತೆ ದರ ಇಳಿಯುತ್ತದೆ, ಆದರೆ ಲೆಕ್ಕ ನಡೆಯುವುದು ನಾವು ಕೊಡುವ ಬೆಲೆಯ ಮೇಲಲ್ಲ, ಮೂಲ ಇನ್‌ವಾಯ್ಸಿನ ಮೇಲೆ. ದೆಹಲಿಯ ಹಳೆಯ ಸ್ಪೋರ್ಟ್ಸ್ ಕಾರು ಜಾಹೀರಾತಿನಲ್ಲಿ ಅಗ್ಗವಾಗಿ ಕಾಣುವುದಕ್ಕೆ ಅರ್ಧ ಕಾರಣ ಇದೇ. ಇನ್ನರ್ಧ, ಅಲ್ಲಿ ಹಳೆಯ ಗಾಡಿಗಳಿಗೆ ಹಾಕಿದ ವಯಸ್ಸಿನ ಮಿತಿ.

ಹದಿನೇಳು ಲಕ್ಷ, ತೆಲಂಗಾಣದ ತೆರಿಗೆ ನಿಮ್ಮದು ಎಂದೆ. “ಅನ್ನಾ, ಮರೀ ಇಂತ ತಕ್ಕುವಾ?” ಎಂದು ಮುಖ ಸಣ್ಣದು ಮಾಡಿಕೊಂಡರು. ಕಡಿಮೆಯೇ ಸರಿ, ಯಾಕೆ ಎಂದು ಬರೆದು ತೋರಿಸುತ್ತೇನೆ ಎಂದು ಲೆಕ್ಕದ ಹಾಳೆಯನ್ನು ಅವರ ಕೈಗೇ ಕೊಟ್ಟು ಬಂದೆ. ಚೌಕಾಸಿಯಲ್ಲಿ ಕೆಲವರು ಸುಮ್ಮನೆ ಸಂಖ್ಯೆ ಎಸೆಯುತ್ತಾರೆ, ನನಗದು ಇಷ್ಟವಿಲ್ಲ. ಹಾಳೆಯಲ್ಲಿರುವ ಸಾಲುಗಳ ಮೇಲೆ ವಾದ ಮಾಡಬಹುದು, ಬರೀ ಸಂಖ್ಯೆಯ ಮೇಲೆ ಜಗಳವಷ್ಟೇ.

ಮಾಲೀಕರು ಅಮೆರಿಕಕ್ಕೆ ಹೊರಡುವ ವಿಮಾನದ ದಿನ ಹತ್ತಿರವಾದಂತೆ ಅವರ ಫೋನು ಬಂತು. ಟೈರಿನ ಸಾಲಿನಲ್ಲಿ ಅರ್ಧ ನೀವು ಹೊರಿ ಎಂದರು. ನ್ಯಾಯವೇ, ಹೊಸ ಟೈರು ಓಡಿಸುವವನು ನಾನು ತಾನೆ. 17.75 ಲಕ್ಷಕ್ಕೆ ಒಪ್ಪಿದೆವು. ಐದು ಲಕ್ಷ ನಗದಾಗಿ ಕೊಡಿ ಎಂದದ್ದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ದಂಡ ಬೀಳುವುದು ಪಡೆದವರಿಗೆ ಎಂದ ಮೇಲೆ ಅವರೂ ಆ ಮಾತು ಬಿಟ್ಟರು.

13.75 ಲಕ್ಷ ಬ್ಯಾಂಕಿನಿಂದ ಹೋಯಿತು. ಉಳಿದ ನಾಲ್ಕು ನನ್ನ ಬಳಿಯೇ ಉಳಿಯಿತು, ಬೆಂಗಳೂರಿನ ಆರ್‌ಟಿಒದ ಎನ್‌ಒಸಿ ಬಂದು, ಇಲ್ಲಿಯ ತೆರಿಗೆ ಕಟ್ಟಿ, ಮಿಕ್ಕದ್ದನ್ನು ಅವರಿಗೆ ಕಳಿಸುವುದೆಂದು ಕರಾರು ಬರೆದೆವು. ಅವರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ನನಗೆ ಬರುವುದಿಲ್ಲ, ಹಾಗಾಗಿ ಪಾಲಿಸಿ ವರ್ಗಾವಣೆಯಲ್ಲಿ ಆ ವ್ಯತ್ಯಾಸದ ಪ್ರೀಮಿಯಂ ನಾನು ಕಟ್ಟಿದೆ. ಹೊಸ ಆರ್‌ಸಿ ಕೈಗೆ ಬಂದೊಡನೆ ಅದರ ಪ್ರತಿ, ತೆರಿಗೆಯ ರಸೀದಿ ಎರಡನ್ನೂ ಅವರಿಗೆ ವಾಟ್ಸಾಪ್ ಮಾಡಿದೆ. ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಪಾಲನ್ನು ವಾಪಸ್ ಕೇಳುವ ಅರ್ಜಿಗೆ ಅವು ಬೇಕು. ಅರ್ಜಿ ಹಾಕಬೇಕಾದವರು ಅವರೇ.