ತಿಪ್ಪೆಗೆ ಹೋಗುವ ಮುನ್ನ ಸಗಣಿ ಒಲೆ ಉರಿಸಲಿ

ಹಸಿರು ಇಂಧನದ ಮಾತೆತ್ತಿದರೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರೈತರು ಮೊದಲು ಕೇಳುವುದು ಸೋಲಾರ್ ಪಂಪ್‌ಸೆಟ್ಟಿನ ಸಹಾಯಧನವನ್ನು. ಕೇಳಬೇಕಾದದ್ದೇ. ಆದರೆ ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ ನೀರೆತ್ತಲು ಎಲ್ಲ ಸೋಲಾರ್ ಪಂಪಿಗೂ ಶಕ್ತಿ ಸಾಲದು. ಮೂರು-ನಾಲ್ಕು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗೆ ಅದಕ್ಕಿಂತ ಹತ್ತಿರದ ಇಂಧನ ಕೊಟ್ಟಿಗೆಯಲ್ಲೇ ಬಿದ್ದಿದೆ.

ಲೆಕ್ಕ ನೋಡಿ. ಒಂದು ಸೀಮೆಹಸು ದಿನಕ್ಕೆ ಸುಮಾರು 15 ಕಿಲೋ ಸಗಣಿ ಹಾಕುತ್ತದೆ. 50 ಕಿಲೋ ಸಗಣಿಗೆ ಅಷ್ಟೇ ನೀರು ಕಲಸಿ ಗೋಬರ್ ಗ್ಯಾಸ್ ತೊಟ್ಟಿಗೆ ಬಿಟ್ಟರೆ ಸುಮಾರು 2 ಘನ ಮೀಟರ್ ಗ್ಯಾಸ್ ಸಿಗುತ್ತದೆ. ಅದು ಹೆಚ್ಚುಕಡಿಮೆ 900 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಅಂದರೆ 16 ದಿನಕ್ಕೊಮ್ಮೆ 14.2 ಕಿಲೋ ಸಿಲಿಂಡರಿನಷ್ಟು ಇಂಧನ. ಅಡುಗೆಗೆ ಬಳಸಿ ಮಿಕ್ಕಿದ್ದು ಸ್ನಾನದ ನೀರಿಗೂ ಆದೀತು. ಹಂಡೆಗೆ ಒಡ್ಡುವ ನೀಲಗಿರಿ ಸೌದೆ ಉಳಿಯುತ್ತದೆ.

ತಿಪ್ಪೆಯೊಳಗೆ ಗಾಳಿಯಾಡದೆ ಕೊಳೆಯುವ ಸಗಣಿಯಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವುದು ಅದೇ ಮೀಥೇನ್. ಒಲೆಯಲ್ಲಿ ಉರಿದುಹೋದರೆ ಅದರ ಕೇಡು ಬಹುಪಾಲು ಕಳೆಯಿತು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕೂಲಿ ಸಂಘ ಇಂಥ 5,500 ಸ್ಥಾವರಗಳ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿ, ಇಂಗಾಲದ ಮಾರುಕಟ್ಟೆಯ ಹಣವನ್ನು ಹಳ್ಳಿಯ ಅಡುಗೆಮನೆಗೆ ತಂದಿತು. ಕೂಲಿಕಾರರು ಮಾಡಿ ತೋರಿಸಿದ್ದನ್ನು ಹಾಲಿನ ಹೊಳೆ ಹರಿಸುವ ಹೊಸಕೋಟೆ, ದೇವನಹಳ್ಳಿಯವರು ಖಂಡಿತ ಮಾಡಬಲ್ಲರು.

ಗುಂಡಿಯನ್ನು ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರ, ಬಿಸಿಲು ಬೀಳುವ ಕಡೆ ತೆಗೆಸಿ. ಕುಡಿಯುವ ನೀರಿನ ಬಾವಿಯಿಂದ 15 ಮೀಟರಾದರೂ ದೂರವಿರಲಿ. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರನ್ನು ಒಳಗೆ ಬಿಡಬೇಡಿ, ಗ್ಯಾಸ್ ಹುಟ್ಟಿಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಧನುರ್ಮಾಸದ ಚಳಿಗೆ ಗ್ಯಾಸ್ ಇಳಿಯುವುದು ಸಹಜ; ಕೆಟ್ಟಿತೆಂದು ಕೈಬಿಡದೆ, ಬಿಸಿಲಿಗಿಟ್ಟು ಕಾದ ನೀರಿನಲ್ಲಿ ಸಗಣಿ ಕಲಸಿ. ಪೈಪು ಸೋರುತ್ತಿದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಬೇಕು, ಕಡ್ಡಿ ಗೀರಿ ಅಲ್ಲ. ಗುಮ್ಮಟ ಬಿರುಕುಬಿಟ್ಟರೆ ತಡಮಾಡದೆ ರಿಪೇರಿ ಮಾಡಿಸಿ, ಸೋರಿದ ಮೀಥೇನ್ ನೇರ ಆಕಾಶಕ್ಕೇ ಹೋಗುತ್ತದೆ. ರಿಪೇರಿಗೆಂದು ಮನೆಯವರಾಗಲಿ ಆಳುಗಳಾಗಲಿ ತೊಟ್ಟಿಗೆ ಇಳಿಯಲೇಬಾರದು. ವಿಷಾನಿಲಕ್ಕೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. ಬಲ್ಲವರನ್ನೇ ಕರೆಸಿ.

ಹೊರಬರುವ ಬಗ್ಗಡಕ್ಕೆ ನಾನಂತೂ ಗ್ಯಾಸಿನಷ್ಟೇ ಬೆಲೆ ಕಟ್ಟುತ್ತೇನೆ. ಸಗಣಿಯ ಸಾರಜನಕ ಅದರಲ್ಲೇ ಉಳಿದಿರುತ್ತದೆ. ಬಿಸಿಲಿಗೆ ಹರವಿ ಒಣಗಿಸಿದರೆ ಮಾತ್ರ ಹಾರಿಹೋಗುತ್ತದೆ. ನೆರಳಿನ ಗುಂಡಿಯಲ್ಲಿ ರಾಗಿ ಹೊಟ್ಟು, ತರಗೆಲೆ, ಹಿಪ್ಪುನೇರಳೆ ಕಸದ ಮೇಲೆ ಪದರ ಪದರವಾಗಿ ಸುರಿದು ಕೊಳೆಸಿ, ಮುಂಗಾರಿನ ಉಳುಮೆಗೆ ರಾಗಿ ಹೊಲಕ್ಕೆ ಹಾಕಿ.

ದುಡ್ಡು ಹಾಕುವ ಮುನ್ನ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಿಮ್ಮ ಹಸುಗಳ ಲೆಕ್ಕ ಹೇಳಿ, ಅಳತೆ ಕೇಳಿಕೊಳ್ಳಿ. ಸಹಾಯಧನದ ಆಸೆಗೆ ದೊಡ್ಡದು ಕಟ್ಟಿಸಿದರೆ ಸಗಣಿ ಸಾಲದೆ ಸ್ಥಾವರ ನಿಂತುಹೋಗುತ್ತದೆ.